ಅಬ್ಬಾಗೆ ಕೇಳಿಸಿದ ರೆಕಾರ್ಡು

ನನ್ನ ತಂದೆಯ ಕಿವಿ ಮಂದವಾಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ನನಗೆ. ಅವರಿಗಿಂತಲೂ ಮೊದಲು. ಆಗ ನನಗೆ ಹದಿಮೂರು ವರ್ಷ. ಎಪ್ಪತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಬೆಳಿಗ್ಗೆ ನೀರು ಬರುವ ಮೊದಲು ನಲ್ಲಿ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಗೆ ಇಡೀ ಚಾಳು ಕೊಡ ಹಿಡಿದು ಎದ್ದೋಡುತ್ತಿತ್ತು. ಅಬ್ಬಾ ಮಾತ್ರ ಮಗ್ಗುಲು ಬದಲಿಸುತ್ತಿರಲಿಲ್ಲ. ಅಮ್ಮಿ ಅದನ್ನು ಸೋಮಾರಿತನವೆಂದು ಬೈಯುತ್ತಿದ್ದಳು. ಆದರೆ ಯಾರಾದರೂ ತುಂಬಿದ ಕೊಡವನ್ನು ಮನೆಗಳ ಮುಂದಿನ ಗ್ಯಾಲರಿಯ ಹಲಗೆಯ ಮೇಲೆ ಧಡ್ಡೆಂದು ಇಟ್ಟರೆ ಅಬ್ಬಾ ಥಟ್ಟನೆ ಎದ್ದು ಕೂರುತ್ತಿದ್ದರು. ನನಗೆ ಅನುಮಾನ ಬಂತು. ನಾಲ್ಕು ದಿನ ಅವರ ಬೆನ್ನ ಹಿಂದೆ ನಿಂತು ಚಮಚದಿಂದ ಲೋಟ ಬಡಿದೆ, ನನ್ನ ಕೈಬಳೆ ಅಲ್ಲಾಡಿಸಿದೆ, ತಿರುಗಲಿಲ್ಲ. ಹಿಮ್ಮಡಿಯಿಂದ ನೆಲ ಗುದ್ದಿದೆ; ತಿರುಗಿದರು. ತೆಳ್ಳಗಿನ ಸದ್ದುಗಳೆಲ್ಲ ಅವರನ್ನು ಬಿಟ್ಟುಹೋಗಿದ್ದವು, ದಪ್ಪ ಸದ್ದುಗಳು ಇನ್ನೂ ಉಳಿದಿದ್ದವು.

ಬೇರೆ ಯಾವ ಕೆಲಸದವರಾಗಿದ್ದರೂ ಇದು ಅಷ್ಟು ದೊಡ್ಡ ಸಂಗತಿಯಾಗುತ್ತಿರಲಿಲ್ಲ. ಅಬ್ಬಾ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಅದೂ ಮೊದಲ ಟ್ರಂಪೆಟ್. ಅಂದರೆ ಕೆಂಪು ಕೋಟಿನ ಹದಿಮೂರು ಜನ ಅವರ ಮುಖ ನೋಡಿ ಹಾಡು ಎತ್ತಿಕೊಳ್ಳುತ್ತಿದ್ದರು, ಅವರ ಮುಖ ನೋಡಿ ಇಳಿಸುತ್ತಿದ್ದರು. ಮಳೆಗಾಲದಲ್ಲಿ ಮದುವೆಗಳಿಲ್ಲ, ಆ ನಾಲ್ಕು ತಿಂಗಳು ಪಕ್ಕದ ಗಲ್ಲಿಯ ತಗಡಿನ ಡಬ್ಬಿ ಕಾರ್ಖಾನೆಯಲ್ಲಿ ತಗಡು ಬಡಿಯುತ್ತಿದ್ದರು. ಎಂಟು ತಿಂಗಳು ನಗಾರಿಯ ಪಕ್ಕ, ನಾಲ್ಕು ತಿಂಗಳು ಸುತ್ತಿಗೆಯ ಪಕ್ಕ. ಕಿವಿಯಾದರೂ ಎಷ್ಟೆಂದು ತಡೆದೀತು!

ನಾವು ವಿಜಾಪುರದ ಕಡೆಯವರು. ಮನೆಯೊಳಗೆ ದಖನಿ, ಗ್ಯಾಲರಿಯಲ್ಲಿ ಹಿಂದಿ, ನಲ್ಲಿಯ ಬಳಿ ಮರಾಠಿ. ಕನ್ನಡ ಇದ್ದದ್ದು ಗುಟ್ಟು ಹೇಳಲಿಕ್ಕೆ. ಚಾಳಿನಲ್ಲಿ ಇನ್ನಾರಿಗೂ ಅದು ತಿಳಿಯುತ್ತಿರಲಿಲ್ಲವಾದ್ದರಿಂದ ಬಾಗಿಲು ತೆರೆದಿಟ್ಟುಕೊಂಡೇ ಏನು ಬೇಕಾದರೂ ಮಾತಾಡಬಹುದಿತ್ತು. ಅಬ್ಬಾ ಊರಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವರು. ಊರಿಗೆ ಕಾಗದ ಬರೆಯಲು ಮನೆಯಲ್ಲಿ ಒಬ್ಬರಾದರೂ ಬೇಕೆಂದು ನನ್ನನ್ನೂ ಮುನ್ಸಿಪಾಲಿಟಿಯ ಕನ್ನಡ ಶಾಲೆಗೇ ಹಾಕಿದ್ದರು. ಹೀಗಾಗಿ ಆ ಮಾತನ್ನು ನಾನು ಕನ್ನಡದಲ್ಲೇ ಹೇಳಿದೆ, ಅವರ ಎದುರಿಗೆ ಕೂತು, ತುಟಿ ಕಾಣುವ ಹಾಗೆ.

"ಅಬ್ಬಾ, ನಿಮಗ ಕೇಳಸೂದು ಕಮ್ಮಿ ಆಗೇತಿ."

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲ ಕಡೆ ನೋಡಿದರು.

"ಯಾರ ಮುಂದೂ ಅನಬ್ಯಾಡ ಬೇಟಾ. ಕಿವುಡನ್ನ ಬ್ಯಾಂಡಿನ್ಯಾಗ ಯಾರ್ ಇಟ್ಕೋತಾರ?"

ಅಂದಿನಿಂದ ನಾನು ಅವರ ಕಿವಿಯಾದೆ. ಹೊಸ ಸಿನಿಮಾ ಹಾಡು ಬಂದಾಗ ಬ್ಯಾಂಡಿನ ಮಾಲೀಕರು ಸ್ಟೇಷನ್ ಹತ್ತಿರದ ತಮ್ಮ ಅಂಗಡಿಗೆ ಎಲ್ಲರನ್ನೂ ಕರೆಸಿ ರೆಕಾರ್ಡು ಮೂರು ಸಲ ಹಾಕುತ್ತಿದ್ದರು. ಮೂರನೆಯ ಸಲ ಮುಗಿಯುವಷ್ಟರಲ್ಲಿ ಮೊದಲ ಟ್ರಂಪೆಟ್ಟಿನವನಿಗೆ ಹಾಡು ಬಂದಿರಬೇಕು. ಉಳಿದವರು ಅವನಿಂದ ಕಲಿಯುತ್ತಿದ್ದರು. ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ನಾನು ಪದ್ಧತಿ ಮಾಡಿದೆ. ಟ್ರಂಪೆಟ್ಟಿಗೆ ಮೂರೇ ಗುಂಡಿ, ಯಾವ ಸ್ವರಕ್ಕೆ ಯಾವುದೆಂದು ಅಬ್ಬಾನ ಬೆರಳು ನೋಡಿಯೇ ನನಗೆ ಗೊತ್ತಿತ್ತು. ಯಾವ ಬೆರಳು ಒತ್ತಬೇಕೋ ಆ ಅಂಕಿ, ಏನೂ ಒತ್ತದಿದ್ದರೆ ಸೊನ್ನೆ, ತುಟಿ ಬಿಗಿ ಹಿಡಿಯಬೇಕಾದಲ್ಲಿ ಅಂಕಿಯ ತಲೆಯ ಮೇಲೊಂದು ಚುಕ್ಕೆ. ಪಕ್ಕದ ಮನೆಯ ರೇಡಿಯೊಗೆ ಕಿವಿ ಕೊಟ್ಟು, ನನ್ನ ಭೂಗೋಳದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಹಾಡುಗಳನ್ನು ಹೀಗೆ ಇಳಿಸಿಕೊಂಡೆ. ಮಾಲೀಕರು ಯಾವ ಹಾಡು ತರುತ್ತಾರೆಂದು ಊಹಿಸುವುದು ಕಷ್ಟವಿರಲಿಲ್ಲ. ರೇಡಿಯೊದಲ್ಲಿ ಯಾವುದು ಹೆಚ್ಚು ಕೂಗುತ್ತದೋ ಅದೇ. ಅಬ್ಬಾ ಮನೆಯಲ್ಲೇ ಬಾಯಿಪಾಠ ಮಾಡಿ ಅಂಗಡಿಗೆ ಹೋಗುತ್ತಿದ್ದರು, ಒಂದೇ ಸಲ ಕೇಳಿದವರಂತೆ ತಲೆಯಾಡಿಸಿ ನುಡಿಸುತ್ತಿದ್ದರು. ಮಾಲೀಕರು ಬೆನ್ನು ತಟ್ಟುತ್ತಿದ್ದರು. ಭೂಗೋಳದಲ್ಲಿ ನಾನು ಪಾಸಾಗಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ವಿಕ್ರೋಳಿಯಿಂದ ನಮ್ಮ ಊರ ಕಡೆಯ ಕಾಕಾ ಒಬ್ಬರು ತಲೆಯ ಮೇಲೆ ಗೋಣಿಚೀಲ ಹೊದ್ದು, ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ ಹಿಡಿದು ಬಂದರು. ಅವರು ಅಲ್ಲಿಯ ಕಂಪನಿಯ ಕಾಲನಿಯಲ್ಲಿ ವಾಚ್‌ಮನ್. ಮಷೀನು ಕೂರಿಸಲು ಬಂದಿದ್ದ ಅಮೆರಿಕದ ಎಂಜಿನಿಯರ್ ವಾಪಸು ಹೋಗುವಾಗ ತನ್ನ ರೆಕಾರ್ಡ್ ಪ್ಲೇಯರನ್ನು ಇವರಿಗೆ ಕೊಟ್ಟುಹೋಗಿದ್ದ. ಕಾಕಾನ ಖೋಲಿಗೆ ಕರೆಂಟೇ ಇರಲಿಲ್ಲ.

"ನಿಮ್ಮಲ್ಲಿ ಕರಂಟ್ ಐತಿ, ನೀವಾ ಇಟ್ಕೋರಿ. ನಾ ಇದರಾಗ ಏನ್ ರೊಟ್ಟಿ ಸುಟ್ಕೊಳ್ಲಿ?" ಎಂದು ಚಹಾ ಕುಡಿದು ಹೋದರು.

ಎಂಜಿನಿಯರ್ ತನ್ನ ರೆಕಾರ್ಡುಗಳನ್ನೆಲ್ಲ ಕಟ್ಟಿಕೊಂಡು ಹೋಗಿದ್ದನಂತೆ. ಒಂದನ್ನು ಮಾತ್ರ ತಟ್ಟೆಯ ಮೇಲೆಯೇ ಮರೆತಿದ್ದ. ಅದರ ರಟ್ಟಿನ ಕವರು ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಕೊಂಡಿತ್ತು. ಕವರಿನ ಮೇಲೆ ಆರು ಜನ ಗಂಡಸರು. ಎದೆಯವರೆಗೆ ಗಡ್ಡ, ಭುಜದವರೆಗೆ ಕೂದಲು, ಒಬ್ಬ ಬರಿಗಾಲಲ್ಲಿ. ಹಿಂದೆ ಬಣ್ಣ ಹೋದ ಹಲಗೆಮನೆ, ಮುಂದೆ ಕಾಲು ಚಾಚಿ ಮಲಗಿದ ಒಂದು ನಾಯಿ. ಅಮ್ಮಿ ಅದನ್ನು ನೋಡಿದ್ದೇ ಸೆರಗು ತಲೆಗೆಳೆದುಕೊಂಡಳು.

"ಕೋಯೀ ಪಹುಂಚೇ ಹುವೇ ಫಕೀರಾಂ ದಿಸ್ತೇ," ಎಂದಳು.

ಮೋಕ್ಷದ ಹಾದಿ ಕಂಡ ಫಕೀರರು! ಅವರಲ್ಲೊಬ್ಬನ ಕೈಯಲ್ಲಿದ್ದ ಬಾಟಲಿಯನ್ನು ನಾನು ತೋರಿಸಿದೆ. ಅದು ಗುಲಾಬಿ ನೀರು ಎಂದಳು. ಆ ಮನೆಯಲ್ಲಿ ಅಮ್ಮಿಯ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕವರು ಗೋಡೆಯ ಮೇಲಿನ ಹಲಗೆಗೆ ಏರಿತು, ಪ್ರತಿ ಗುರುವಾರ ಅದಕ್ಕೆ ಲೋಬಾನದ ಹೊಗೆ ಸಲ್ಲತೊಡಗಿತು. ಮೊದಲ ತಿಂಗಳು ರೆಕಾರ್ಡು ಹಾಕಲೂ ಬಿಡಲಿಲ್ಲ.

ಒಂದು ಮಧ್ಯಾಹ್ನ ಅಮ್ಮಿ ರೇಷನ್ ಅಂಗಡಿಯ ಸಾಲಿಗೆ ಹೋಗಿದ್ದಳು. ಅಬ್ಬಾ ಕಾರ್ಖಾನೆಯಿಂದ ಊಟಕ್ಕೆ ಬಂದು, ಹತ್ತಡಿಯ ಖೋಲಿಯಲ್ಲಿ ಬೇರೆ ಜಾಗವಿಲ್ಲದೆ, ಆ ಪೆಟ್ಟಿಗೆಗೇ ತಲೆ ಆನಿಸಿ ಅಡ್ಡಾಗಿದ್ದರು. ನಾನು ಮೆಲ್ಲಗೆ ಮುಳ್ಳು ಇಳಿಸಿದೆ. ಮೊದಲು ಬಂದದ್ದು ನಗಾರಿ. ಒಂದಲ್ಲ, ಎರಡು, ಒಂದು ಇನ್ನೊಂದರ ಹಿಂದೆಯೇ ಹೆಜ್ಜೆ ಹಾಕುತ್ತ. ಅದರ ಕೆಳಗೆ ಒಂದು ದಪ್ಪ ತಂತಿಯ ಗುಂಗು. ಆಮೇಲೆ ಗಿಟಾರು. ನಾನು ಅದುವರೆಗೆ ಕೇಳಿದ್ದ ಗಿಟಾರು ಟಿಂಗ್ ಟಿಂಗ್ ಎನ್ನುತ್ತಿತ್ತು. ಇದು ಶಹನಾಯಿಯ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತಿತ್ತು. ಎರಡು ಗಿಟಾರುಗಳು ಒಂದೇ ಹಾಡನ್ನು ಹಿಡಿದಿದ್ದವು, ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ. ನಮ್ಮ ಬ್ಯಾಂಡಿನಲ್ಲಿ ಊದುವವರೆಲ್ಲ ಒಂದೇ ಸ್ವರ ಊದುತ್ತಿದ್ದರು. ಹೀಗೂ ನುಡಿಸಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅಬ್ಬಾ ಎದ್ದು ಕೂತರು. ಎರಡೂ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು.

"ಕೇಳಾಕತ್ತೈತಿ!" ಎಂದರು. "ಬೇಟಾ, ಇದು ನನಗ ಕೇಳಾಕತ್ತೈತಿ!"

ರೇಡಿಯೊದಲ್ಲಿ ಹಾಡುವ ಹೆಂಗಸರ ದನಿ ಅವರಿಗೆ ಆಗಲೇ ಸೊಳ್ಳೆಯ ಸದ್ದಾಗಿತ್ತು. ಇದು ಮಾತ್ರ ಮರದ ಮೂಲಕ, ಅಂಗೈ ಮೂಲಕ, ಎಲ್ಲಿಂದಲೋ ದಾರಿ ಮಾಡಿಕೊಂಡು ಒಳಗೆ ಹೋಗಿತ್ತು. ಆ ದಿನ ಅವರು ಕಾರ್ಖಾನೆಗೆ ಮರಳಿ ಹೋಗಲಿಲ್ಲ. ಎರಡೂ ಬದಿ ಮೂರು ಸಲ ಕೇಳಿದೆವು. ಅಮ್ಮಿ ಬಂದು ಬಾಗಿಲಲ್ಲಿ ಚೀಲ ಹಿಡಿದು ನಿಂತಾಗ ಅಬ್ಬಾ ಅಳುತ್ತಿದ್ದರು. ಫಕೀರರ ಮಹಿಮೆ ಎಂದು ಅವಳು ಸುಮ್ಮನಾದಳು. ನಾನು ಅಷ್ಟು ಖುಷಿಯಾಗಿದ್ದ ದಿನ ಆಮೇಲೆ ಬಹಳ ಬಂದಿಲ್ಲ.

ಈ ಜನ ಇನ್ನೂ ಏನೇನು ನುಡಿಸಿದ್ದಾರೋ ನೋಡೋಣವೆಂದು, ಒಂದು ಭಾನುವಾರ ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಹೋದೆವು. ಫೋರ್ಟಿನ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ರೆಕಾರ್ಡು ಹರವಿಕೊಂಡು ಕೂರುವವನೊಬ್ಬನಿದ್ದ. ನಮ್ಮ ಕವರನ್ನು ತಿರುಗಿಸಿ ನೋಡಿ, ಅದರ ಮೂಲೆಯನ್ನು ಬೆರಳಿಂದ ಸವರಿದ. ಒಂದು ಮೂಲೆ ಕತ್ತರಿಸಿದಂತಿತ್ತು. ಇಲಿ ಕಡಿದಿದೆ ಎಂದು ನಾವು ತಿಳಿದಿದ್ದೆವು.

"ಯೇ ಉಧರ್ ಬಿಕಾ ಇಚ್ ನಹೀ," ಎಂದ. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಮಾಲಿನ ಮೂಲೆಯನ್ನು ಹೀಗೆ ಕತ್ತರಿಸಿ ಸಿಕ್ಕಿದ ಬೆಲೆಗೆ ಸಾಗಿಸುತ್ತಾರಂತೆ. ಈ ಗುಂಪಿನ ಹೆಸರನ್ನೇ ಅವನು ಕೇಳಿರಲಿಲ್ಲ. ಜಾತಿಯನ್ನು ಮಾತ್ರ ಹೇಳಿದ: ಸದರ್ನ್ ರಾಕ್. ಅಂದರೆ ಏನೆಂದು ಕೇಳಿದೆ. ಅಬ್ಬಾನ ಮುಖ ನೋಡಿ, ನನ್ನ ಮುಖ ನೋಡಿ, "ಸಮ್ಝೋ ಉಧರ್ ಕೆ ಮದ್ರಾಸಿ," ಎಂದ.

ಮುಂಬಯಿಯಲ್ಲಿ ಸೊಲ್ಲಾಪುರದಿಂದ ಕೆಳಗಿನವರೆಲ್ಲ ಮದ್ರಾಸಿಗಳೇ. ನಾನು ಅದನ್ನೆಲ್ಲ ಅಬ್ಬಾಗೆ ತುಟಿ ಬಿಡಿಸಿ ಹೇಳಿದೆ. ದಕ್ಷಿಣದವರು ಎಂಬುದಕ್ಕೆ ಅವರಿಗೆ ಬಹಳ ಸಂತೋಷವಾಯಿತು. ಮಾರಾಟವಾಗಲಿಲ್ಲ ಎಂಬುದಕ್ಕೆ ಸಿಟ್ಟು ಬಂತು.

"ಯಾಕ, ಅಲ್ಲೀ ಮಂದೀಗೆ ಕಿವಿ ಇಲ್ಲೇನ?" ಎಂದು ಫುಟ್‌ಪಾತಿನಲ್ಲೇ ಜೋರಾಗಿ ಕೇಳಿದರು. ನನಗೆ ನಗು ಬಂತು, ನನ್ನ ಮುಖ ನೋಡಿ ಅವರಿಗೂ ಬಂತು.

ಎರಡನೆಯ ಬದಿಯ ಕೊನೆಯಲ್ಲಿ ಮಾತಿಲ್ಲದ ಒಂದು ನಿಧಾನದ ತುಂಡು ಇತ್ತು. ಮೊದಲು ಒಂದೇ ಗಿಟಾರು, ಬಹಳ ಹೊತ್ತಿನ ನಂತರ ಇನ್ನೊಂದು, ನಗಾರಿಯೇ ಇಲ್ಲ. ಅಬ್ಬಾ ಅದನ್ನು ಬ್ಯಾಂಡಿಗೆ ಕಲಿಸಬೇಕೆಂದು ಹಟ ಹಿಡಿದರು. ನಾನು ಎರಡು ಸಾಲಿನಲ್ಲಿ ಅಂಕಿ ಬರೆದೆ, ಮೇಲಿನದು ಅವರಿಗೆ, ಕೆಳಗಿನದು ಎರಡನೆಯ ಟ್ರಂಪೆಟ್ ಚಾಚಾಗೆ. ಚಾಚಾ ಮೊದಲ ದಿನ, "ನಾನು ತಪ್ಪು ಊದಿದ ಹಾಗೆ ಕೇಳುತ್ತದೆ, ಜನ ನನ್ನನ್ನೇ ಬೈಯುತ್ತಾರೆ," ಎಂದು ತಕರಾರು ತೆಗೆದರು. ವಾರ ಕಳೆಯುವಷ್ಟರಲ್ಲಿ ಸ್ನಾನದ ಮನೆಯಲ್ಲೂ ಅದನ್ನೇ ಗುನುಗುತ್ತಿದ್ದರು. ವರ ಕುದುರೆಯಿಂದ ಇಳಿದು ಹೆಣ್ಣಿನ ಮನೆಯ ಬಾಗಿಲಲ್ಲಿ ನಿಲ್ಲುವಾಗ, ಆರತಿಯ ಹೊತ್ತಿಗೆ, ಅದನ್ನು ನುಡಿಸುವುದೆಂದಾಯಿತು. ಜನ ಕುಣಿತ ನಿಲ್ಲಿಸಿ ಬೆವರು ಒರೆಸಿಕೊಳ್ಳುವ ಹೊತ್ತದು. ಯಾವ ಸಿನಿಮಾದ ಹಾಡು ಎಂದು ಎಲ್ಲರೂ ಕೇಳುತ್ತಿದ್ದರು. ದೀಪಾವಳಿಗೆ ಬಿಡುಗಡೆಯಾಗುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಎರಡು ದೀಪಾವಳಿ ಕಳೆದವು, ಯಾರೂ ಕೇಳಲು ಬರಲಿಲ್ಲ. ದಕ್ಷಿಣದವರೇ ತುಂಬಿದ ಮಾಟುಂಗದ ಮದುವೆಗಳಿಗೆ ನಾಗಸ್ವರವೇ ಆಗಬೇಕು, ನಮ್ಮವರನ್ನು ಕರೆಯುವುದಿಲ್ಲ. ಅಲ್ಲಿಯ ಒಬ್ಬ ಹೋಟೆಲಿನವರು ಮಾತ್ರ ಅಂಧೇರಿಯಲ್ಲಿ ಆ ಹಾಡು ಕೇಳಿ, ಮಗಳ ಮದುವೆಗೆ ಇದೇ ಬ್ಯಾಂಡು ಬೇಕೆಂದು ಹಟ ಮಾಡಿ ಕರೆಸಿದರು. ಅಬ್ಬಾ ಆ ಎರಡು ವರ್ಷ ನೆಲದಿಂದ ಮಾರು ಎತ್ತರದಲ್ಲಿ ನಡೆದರು. ಕಿವಿ ಮಾತ್ರ ಇನ್ನೂ ಇಳಿಯುತ್ತಲೇ ಇತ್ತು. ಮುಖಗಳನ್ನು ನೋಡಿ, ಕಾಲ ಕೆಳಗಿನ ನೆಲದ ಅದುರು ಹಿಡಿದು ನುಡಿಸುತ್ತಿದ್ದರು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹೆದರಿದ್ದು ನಮ್ಮ ಗಲ್ಲಿಯಲ್ಲೇ ಆಯಿತು. ಎದುರಿನ ಬಿಲ್ಡಿಂಗಿನವರ ಮಗಳ ಮದುವೆ. ಸಂಜೆ ಐದರ ಬಿಸಿಲು. ನಾನು ಮೊದಲ ಮಾಳಿಗೆಯ ಗ್ಯಾಲರಿಯಲ್ಲಿ ಕಂಬಿ ಹಿಡಿದು ನಿಂತಿದ್ದೆ. ಅಬ್ಬಾ ನನ್ನ ನೇರ ಕೆಳಗೇ ಇದ್ದರು. ವರ ಇಳಿದ. ನಗಾರಿ ನಿಂತಿತು, ನಿಧಾನದ ತುಂಡು ಶುರುವಾಯಿತು. ಅದನ್ನು ಅವರು ಯಾವಾಗಲೂ ಕಣ್ಣು ಮುಚ್ಚಿಕೊಂಡೇ ನುಡಿಸುತ್ತಿದ್ದರು. ಮೊದಲ ಸಾಲು ಅವರೊಬ್ಬರದೇ. ಎರಡನೆಯ ಸಾಲಿಗೆ ಚಾಚಾ ಟ್ರಂಪೆಟ್ ಎತ್ತಿದರು. ಎತ್ತಿದವರು ಹಾಗೇ ಇಳಿಸಿದರು. ಗಲ್ಲಿಯ ಆ ತುದಿಯಿಂದ ಒಂದು ಜನಾಜಾ ಬರುತ್ತಿತ್ತು.

ಹೆಣ ಎದುರು ಬಂದರೆ ಬ್ಯಾಂಡು ನಿಲ್ಲಬೇಕು. ಯಾರ ಹೆಣವಾದರೂ ಸರಿ, ಯಾರ ಮದುವೆಯಾದರೂ ಸರಿ. ಇದನ್ನು ಬ್ಯಾಂಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹದಿಮೂರು ಜನ ನಿಂತರು. ಮದುವೆಯವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಬ್ಬಾ ನುಡಿಸುತ್ತಲೇ ಇದ್ದರು. ನಗಾರಿ ಮೊದಲೇ ನಿಂತಿತ್ತಾದ್ದರಿಂದ ಏನೋ ಕಡಿಮೆಯಾಯಿತೆಂದು ಅವರ ಕಾಲಿಗೂ ತಿಳಿಯಲಿಲ್ಲ.

ಇಳಿಯಲು ಹದಿನೆಂಟು ಮೆಟ್ಟಿಲು. ಓಡಿಹೋಗಿ ಅವರ ಮೊಣಕೈ ಮುಟ್ಟಿದ್ದರೆ ಸಾಕಿತ್ತು. ಏನೋ ಕಣ್ಣು ಮುಚ್ಚಿ ಮೈಮರೆತ ಎಂದು ಜನ ಬಿಟ್ಟುಬಿಡುತ್ತಿದ್ದರು. ನಾನು ಕದಲಲಿಲ್ಲ. ಹೆದರಿಕೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಗಲ್ಲಿಯಲ್ಲಿ ಅಷ್ಟು ಮೌನ ಎಂದೂ ಆಗಿರಲಿಲ್ಲ, ಆ ತುಂಡನ್ನು ಅಬ್ಬಾ ಒಬ್ಬರೇ ನುಡಿಸಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೆಣ ಹೊತ್ತವರು ತಲೆ ತಗ್ಗಿಸಿಕೊಂಡು ಅವರ ಪಕ್ಕದಲ್ಲೇ ಹಾದುಹೋದರು. ಅವರಲ್ಲೊಬ್ಬ ಮುದುಕರು ತಿರುಗಿ ನೋಡಿದರು. ಅಬ್ಬಾ ಎರಡನೆಯ ಸುತ್ತೂ ಮುಗಿಸಿ, ಟ್ರಂಪೆಟ್ ಇಳಿಸಿ, ಕಣ್ಣು ತೆರೆದರು.

ಮಾಲೀಕರು ಅವರ ಮುಂದೆ ನಿಂತಿದ್ದರು. "ಬೆಹರಾ ಹೈ ಕ್ಯಾ? ಬೆಹರಾ ಹೋಗಯಾ ಕ್ಯಾ?" ಎಂದು ಕೂಗಿದರು. ಕಿವುಡನೇನು ನೀನು, ಎಂದು.

ಅಬ್ಬಾ ಅವರ ಮುಖ ನೋಡಿದರು, ಸುತ್ತ ನಿಂತು ತಮ್ಮನ್ನೇ ನೋಡುತ್ತಿದ್ದ ಜನರನ್ನು ನೋಡಿದರು. ಸಂತೋಷದಿಂದ ನಕ್ಕರು.

"ಫಿರ್ ಸೆ ಬಜಾವೂಂ, ಮಾಲಿಕ್?" ಎಂದರು. ಇನ್ನೊಮ್ಮೆ ನುಡಿಸಲೇ, ಎಂದು.

ಗುಟ್ಟು ಅಲ್ಲಿಗೆ ಮುಗಿಯಿತು. ಮಾಲೀಕರು ಕೆಟ್ಟವರಲ್ಲ. ಅವರ ಕೂಗು ಅಲ್ಲೇ ನಿಂತುಹೋಯಿತು, ಅಬ್ಬಾನ ಕೈಯಿಂದ ಟ್ರಂಪೆಟ್ಟನ್ನು ಮಗುವಿನ ಕೈಯಿಂದ ತೆಗೆದುಕೊಂಡಷ್ಟು ಮೆಲ್ಲಗೆ ತೆಗೆದುಕೊಂಡರು. ಮರುವಾರ ಮನೆಗೆ ಹೇಳಿಕಳಿಸಿ ನಗಾರಿ ಕೊಟ್ಟರು. ಮೊದಲ ಟ್ರಂಪೆಟ್ಟಿನವನಿಗೆ ನಗಾರಿ ಎಂದರೆ ಹೆಡ್‌ಮಾಸ್ತರನಿಗೆ ಗಂಟೆ ಹೊಡೆಯುವ ಕೆಲಸ ಕೊಟ್ಟ ಹಾಗೆ. ಅಬ್ಬಾ ಪಟ್ಟಿ ಹೆಗಲಿಗೆ ಹಾಕಿಕೊಂಡರು, ಸಾಲಿನ ಕೊನೆಗೆ ಹೋಗಿ ನಿಂತರು. ಆ ತುಂಡನ್ನು ಬ್ಯಾಂಡು ಆಮೇಲೆ ನುಡಿಸಲಿಲ್ಲ. ಮನೆಯಲ್ಲೂ ನಾವು ರೆಕಾರ್ಡು ಹಾಕಲಿಲ್ಲ. ನನ್ನನ್ನು ಅವರು ಏನೂ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು.

ಮೂರು ವರ್ಷ ಹಾಗೇ ಹೋಯಿತು. ಅಷ್ಟರಲ್ಲಿ ಅಬ್ಬಾಗೆ ಪೂರ್ತಿ ಕೇಳದಾಗಿತ್ತು. ತುಟಿ ನೋಡಿ ತಿಳಿದದ್ದು ತಿಳಿಯಿತು, ಉಳಿದದ್ದನ್ನು ನಾನು ಕಾಗದದ ಮೇಲೆ ಬರೆಯುತ್ತಿದ್ದೆ. ನನ್ನ ಮದುವೆಯ ಮಾತು ನಡೆದಿತ್ತು. ಈ ಭಾರ ಹೊತ್ತುಕೊಂಡು ಇನ್ನೊಂದು ಮನೆಗೆ ಹೋಗಲಾರೆ ಅನ್ನಿಸಿ, ಒಂದು ಮಧ್ಯಾಹ್ನ ಅವರೆದುರು ಕೂತು ಬರೆದೆ: ಅವತ್ತು ನಾನು ಗ್ಯಾಲರಿಯಲ್ಲೇ ಇದ್ದೆ. ಬಂದು ನಿಲ್ಲಿಸಬಹುದಿತ್ತು. ಬೇಕೆಂದೇ ಬರಲಿಲ್ಲ. ಕೇಳುತ್ತ ನಿಂತೆ.

ಅಬ್ಬಾ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಬೈಯಲಿ ಎಂದು ಕಾದೆ.

"ಪೂರಾ ಕೇಳಿದಿ?" ಎಂದರು.

ತಲೆಯಾಡಿಸಿದೆ.

"ಹೆಂಗಿತ್ತ?"

ಆ ತುಂಡನ್ನು ತಾವು ನುಡಿಸಿದ್ದನ್ನು ಅವರು ಒಮ್ಮೆಯೂ ಕೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ನುಡಿಸಿದವರು ಅವರು, ಕೇಳಿದವರು ನಾವು. ಬರೆಯತೊಡಗಿದೆ. ಗಲ್ಲಿ ಹೇಗೆ ಸುಮ್ಮನಾಗಿತ್ತು, ಮೊದಲ ಸ್ವರ ಹೇಗೆ ಗೋಡೆಯಿಂದ ಗೋಡೆಗೆ ಹೋಯಿತು, ಆ ಮುದುಕರು ಹೇಗೆ ತಿರುಗಿ ನೋಡಿದರು, ಎಲ್ಲ. ಅವರು ಓದಿದರು, ಓದಿ ನನ್ನನ್ನೇ ನೋಡಿದರು. ಮಗಳು ತಂದೆಯ ಸಮಾಧಾನಕ್ಕೆ ಏನಾದರೂ ಬರೆದಾಳು ಎಂಬ ಅನುಮಾನ ಆ ಕಣ್ಣಿನಲ್ಲಿತ್ತು.

ನಾನು ಕಾಗದ ಎಳೆದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಎರಡನೆಯ ಸುತ್ತಿನಲ್ಲಿ ಮೇಲಿನ ಸ್ವರ ಶ್ರುತಿಯಿಂದ ಒಂದು ಎಳೆ ಇಳಿದಿತ್ತು.

ಅಬ್ಬಾ ಅದನ್ನು ಎರಡು ಸಲ ಓದಿದರು. ಆಮೇಲೆ ತೊಡೆ ತಟ್ಟಿಕೊಂಡು ಜೋರಾಗಿ ನಕ್ಕರು, ಮೂರು ವರ್ಷದಲ್ಲಿ ಮೊದಲ ಸಲ.

"ಹಂಗಾರ ಉಳಿದದ್ದೂ ಖರೇನ ಐತಿ," ಎಂದರು.